ಹ್ಯಾಂಕ್ ವಿಲಿಯಮ್ಸ್ ಹಾಡಿದ ‘ಐ ಸಾ ದಿ ಲೈಟ್’: ಪದೇ ಪದೇ ಕೇಳುವ ಪ್ರಶ್ನೆಗಳು

ಕಂಟ್ರಿ ಮ್ಯೂಸಿಕ್, ಅಂದ್ರೆ ಅಮೆರಿಕದ ಹಳ್ಳಿ ಕಡೆಯಿಂದ ಬಂದ ಹಾಡು, ಕೇಳೋಕೆ ಶುರು ಮಾಡಿದೋರು ಒಂದಲ್ಲ ಒಂದು ದಿನ ಈ ಹಾಡಿನ ಹತ್ರ ಬಂದೇ ಬರ್ತಾರೆ, ಬಂದ್ಮೇಲೆ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು: ಆ ಲೈಟ್ ಯಾವ್ದು, ಟ್ಯೂನ್ ನಿಜವಾಗ್ಲೂ ಇವನ್ದೇನಾ, ಅಷ್ಟು ಕುಡೀತಿದ್ದೋನು ದೇವರ ಹಾಡು ಹೇಗೆ ಬರ್ದ. ಒಬ್ಬೊಬ್ಬರಿಗೆ ಒಂದೊಂದ್ಸಲ ಹೇಳೋ ಬದ್ಲು ಎಲ್ಲಾ ಒಂದೇ ಕಡೆ ಬರ್ದಿಟ್ಟಿದೀನಿ. ನಂಗೆ ತುಂಬಾ ಇಷ್ಟದ ಹಾಡು, ಹಾಗಾಗಿ ಕೆಲವು ಉತ್ತರ ಉದ್ದ ಆಗಿದೆ.

ಇದು ಯಾರ ಹಾಡು? ಹಿನ್ನೆಲೆ ಏನೂ ಗೊತ್ತಿಲ್ಲ, ಮೊದ್ಲಿಂದ ಹೇಳಿ.

ಹ್ಯಾಂಕ್ ವಿಲಿಯಮ್ಸ್ ಅಮೆರಿಕದ ಅಲಬಾಮಾ ರಾಜ್ಯದೋನು. ಹುಟ್ಟಿದ್ದು 1923ರ ಸೆಪ್ಟೆಂಬರ್ 17, ತೀರ್ಕೊಂಡಿದ್ದು 1953ರ ಜನವರಿ 1, ಅಂದ್ರೆ ಮೂವತ್ತು ಕೂಡ ತುಂಬಿರ್ಲಿಲ್ಲ. ದೊಡ್ಡ ಹೆಸರು ಬಂದಿದ್ದು 1949ರಲ್ಲಿ ‘ಲವ್‌ಸಿಕ್ ಬ್ಲೂಸ್’ ಹಿಟ್ ಆದ್ಮೇಲೆ, ಅಲ್ಲಿಂದ ಸಾಯೋವರೆಗೂ ನಾಲ್ಕು ವರ್ಷ ಕೂಡ ಇಲ್ಲ, ಆದ್ರೆ ಆ ಅವಧೀಲಿ ಅವನು ಮಾಡಿಟ್ಟಿದ್ದನ್ನೇ ಇವತ್ತಿಗೂ ಕಂಟ್ರಿ ಹಾಡುಗಾರರು ಪಾಠದ ತರ ಕಲೀತಾರೆ. 1961ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಶುರು ಆದಾಗ ಮೊದಲ ಸಲ ಆರಿಸಿದ್ದು ಮೂರೇ ಜನರನ್ನ, ಅದ್ರಲ್ಲಿ ಇವನೊಬ್ಬ. 2010ರಲ್ಲಿ ಪುಲಿಟ್ಜರ್‌ನವರು ಅವನ ಹಾಡು ಬರೆಯೋ ಕಲೆಗೆ ವಿಶೇಷ ಗೌರವ ಕೊಟ್ರು, ಸತ್ತು 57 ವರ್ಷ ಆದ್ಮೇಲೆ.

‘ಐ ಸಾ ದಿ ಲೈಟ್’ ಅವನು ಬರೆದಿದ್ದು 1947ರ ಜನವರೀಲಿ, ಇನ್ನೂ ಹೆಸರೇ ಬಂದಿರ್ಲಿಲ್ಲ ಆಗ. ಪಾಪದಲ್ಲಿ ದಾರಿ ತಪ್ಪಿ ಅಲೀತಿದ್ದ ಒಬ್ಬ ಮನುಷ್ಯ ಯೇಸು ತನ್ನ ಬಾಳಿಗೆ ಬಂದ, ಬೆಳಕು ಕಂಡೆ ಅಂತ ಖುಷಿಯಿಂದ ಹೇಳ್ಕೊಳ್ಳೋ ಹಾಡು, ಅಷ್ಟೇ.

ಆ ಲೈಟ್ ಏರ್‌ಪೋರ್ಟ್ ಲೈಟ್ ಅಂತಾರಲ್ಲ, ನಿಜಾನಾ?

ಹೌದು, ಸಾಮಾನ್ಯವಾಗಿ ಹೇಳೋ ಕಥೆ ಅದೇ. ಹ್ಯಾಂಕ್ ಇದ್ದ ಮಾಂಟ್‌ಗಮರಿ ಊರಿಂದ ದಕ್ಷಿಣಕ್ಕೆ ಫೋರ್ಟ್ ಡೆಪಾಸಿಟ್ ಅಂತ ಒಂದು ಚಿಕ್ಕ ಊರಿದೆ, ಅಲ್ಲಿ ರಾತ್ರಿ ಡ್ಯಾನ್ಸ್ ಕಾರ್ಯಕ್ರಮಕ್ಕೆ ನುಡಿಸಿ ಬ್ಯಾಂಡ್ ಪೂರ್ತಿ ಕಾರಲ್ಲಿ ವಾಪಸ್ ಬರ್ತಿತ್ತು. ಹ್ಯಾಂಕ್ ಕುಡಿದು ಹಿಂದಿನ ಸೀಟಲ್ಲಿ ಮಲಗಿದ್ದ. ಅವನ ತಾಯಿ ಲಿಲ್ಲಿ ಜೊತೇಲೇ ಇದ್ರು, ಆಕೆ ಮಾಂಟ್‌ಗಮರೀಲಿ ಬೋರ್ಡಿಂಗ್ ಹೌಸ್ ನಡೆಸ್ತಿದ್ದ ಗಟ್ಟಿ ಹೆಂಗಸು, ಮಗನ ಕಾರ್ಯಕ್ರಮದ ದುಡ್ಡುಕಾಸು ಕೂಡ ಅವರೇ ನೋಡ್ಕೋತಿದ್ರು. ಊರು ಹತ್ರ ಬರ್ತಿದ್ದ ಹಾಗೆ ಡ್ಯಾನೆಲ್ಲಿ ಫೀಲ್ಡ್ ಅನ್ನೋ ಏರ್‌ಪೋರ್ಟಿನ ಸುತ್ತೋ ದೀಪ ಕಂಡಿತು, ಇನ್ನೇನು ಮನೆ ಬಂತು ಎದ್ದೇಳು, ಲೈಟ್ ಕಾಣಿಸ್ತು ನಂಗೆ ಅಂತ ಅವರು ಎಬ್ಬಿಸಿದ್ರು. ಅದೇ ಮಾತು ಹಿಡ್ಕೊಂಡು ಅವನು ಹಾಡು ಕಟ್ಟಿದ. ಆ ಮಾತು ಆಡಿದ್ದು ನಾನೇ ಅಂತ ಆಮೇಲೆ ಬೇರೆಯೋರೂ ಹೇಳಿದಾರೆ, ಆದ್ರೆ ಜಾಸ್ತಿ ಜನ ಒಪ್ಪೋದು ತಾಯಿಯ ಕಥೇನೇ.

ಇದನ್ನ ಕೇಳಿ ಕೆಲವರಿಗೆ ನಿರಾಸೆ ಆಗುತ್ತೆ, ಅಯ್ಯೋ ದೇವರ ಬೆಳಕು ಅಂದ್ಕೊಂಡಿದ್ವಿ, ವಿಮಾನದ ದೀಪಾನಾ ಅಂತ. ನಂಗಂತೂ ಇದೇ ಹಾಡಿನ ಜೀವ ಅನ್ಸುತ್ತೆ. ಪ್ರಜ್ಞೆ ತಪ್ಪೋಷ್ಟು ಕುಡಿದ 23 ವರ್ಷದ ಹುಡುಗ, ಅಮ್ಮ ಕಾರಲ್ಲಿ ಮನೆಗೆ ಕರ್ಕೊಂಡು ಹೋಗ್ತಿದಾರೆ, ಕತ್ತಲಲ್ಲಿ ದೂರದಿಂದ ಒಂದು ದೀಪ ಕಾಣಿಸಿ ಮನೆ ಹತ್ರ ಬಂತು ಅಂತ ಹೇಳುತ್ತೆ. ವಿಮೋಚನೆ ಅನ್ನೋದರ ಬಗ್ಗೆ ಹಾಡು ಬರೆಯೋಕೆ ಇದಕ್ಕಿಂತ ಸರಿಯಾದ ಜಾಗ ಯಾವ್ದು ಹೇಳಿ? ದೇವಸ್ಥಾನದಲ್ಲಿ ಚರ್ಚಲ್ಲಿ ಕೂತು ಬರೆದಿದ್ರೆ ಅದ್ರಲ್ಲಿ ಆ ಬಿಡುಗಡೆ ಇರ್ತಿರ್ಲಿಲ್ಲ.

ಹಾಡಿನ ಸಾಹಿತ್ಯದಲ್ಲಿ ಏನಿದೆ?

ಮೂರು ಚರಣ, ಪ್ರತಿ ಚರಣದ ಕೊನೇಲಿ ದೇವರಿಗೆ ಸ್ತೋತ್ರ, ಬೆಳಕು ಕಂಡೆ ಅನ್ನೋ ಸಾಲು. ಮಧ್ಯದಲ್ಲಿ ಎಲ್ಲರೂ ಸೇರಿ ಹಾಡೋ ಪಲ್ಲವಿ, ಇನ್ನು ಕತ್ತಲಿಲ್ಲ ಇರುಳಿಲ್ಲ ಅಂತ. ಮೊದಲ ಚರಣದಲ್ಲಿ ಗೊತ್ತುಗುರಿ ಇಲ್ಲದೆ ಅಲೀತಿದ್ದೆ, ರಕ್ಷಕನನ್ನ ಒಳಗೆ ಬಿಟ್ಕೊಳ್ಳಲಿಲ್ಲ, ಆಮೇಲೆ ಅವನೇ ರಾತ್ರಿ ಹೊತ್ತು ಬರೋ ಅಪರಿಚಿತನ ತರ ಬಂದ ಅಂತಾನೆ. ಎರಡನೇದ್ರಲ್ಲಿ ತಾನು ಕುರುಡನ ಹಾಗಿದ್ದೆ, ಚಿಂತೆ ಭಯ ಎಲ್ಲಾ ನಂದೇ ಆಸ್ತಿ ಅಂತ ಇಟ್ಕೊಂಡಿದ್ದೆ, ಆ ಕುರುಡನಿಗೆ ದೇವರು ಕಣ್ಣು ಕೊಟ್ಟ ಹಾಗೆ ನಂಗೂ ಕೊಟ್ಟ ಅಂತಾನೆ. ಮೂರನೇದ್ರಲ್ಲಿ ದಾರಿ ಬಿಟ್ಟು ಹೋಗಿದ್ದು ದಡ್ಡತನ, ಬಾಗಿಲು ಇಕ್ಕಟ್ಟು ದಾರಿ ಕಿರಿದು, ಈಗ ತಪ್ಪನ್ನ ಕೊಟ್ಟು ಸರೀನ ತಗೊಂಡೆ ಅಂತಾನೆ.

ಎರಡನೇ ಚರಣದ ಆ ಚಿಂತೆ ಭಯದ ಸಾಲನ್ನ ಸ್ವಲ್ಪ ನಿಂತು ಕೇಳಿ. ಪಾಪ ಅಂದ್ರೆ ಕುಡಿತ ಜೂಜು ಅಂತ ಪಟ್ಟಿ ಕೊಡೋದು ಆ ಕಾಲದ ಭಕ್ತಿ ಹಾಡುಗಳಲ್ಲಿ ಬೇಕಾದಷ್ಟಿತ್ತು, ಇವನು ಹಾಗೆ ಮಾಡಲ್ಲ, ಭಯಾನ ತಾನೇ ಹಕ್ಕಿನಿಂದ ಹಿಡ್ಕೊಂಡು ಕೂತಿದ್ದೆ ಅಂತಾನೆ. ಅದು ಅನುಭವ ಇದ್ದೋನೇ ಬರೆಯೋಕೆ ಸಾಧ್ಯ.

ಬೈಬಲ್ ಓದಿಲ್ಲದೆ ಇದ್ರೆ ಅರ್ಥ ಆಗಲ್ವಾ?

ಆಗುತ್ತೆ. ಆದ್ರೆ ಗೊತ್ತಿದ್ರೆ ಇನ್ನೂ ಚೆನ್ನಾಗಿರುತ್ತೆ. ಕುರುಡನಿಗೆ ಕಣ್ಣು ಬರೋದು ಯೋಹಾನನ ಸುವಾರ್ತೆ 9ನೇ ಅಧ್ಯಾಯದಲ್ಲಿದೆ, ದಾರಿ ಬದೀಲಿ ಕೂತು ಭಿಕ್ಷೆ ಬೇಡ್ತಿದ್ದ ಬಾರ್ತಿಮಾಯನ ಕಥೆ ಮಾರ್ಕನ ಸುವಾರ್ತೆ 10ರಲ್ಲಿದೆ. ಇಕ್ಕಟ್ಟಾದ ಬಾಗಿಲು ಮತ್ತಾಯ 7ನೇ ಅಧ್ಯಾಯದ್ದು. ಬೆಳಕು ಕಂಡು ಬದಲಾಗೋದು ಅಂದ್ರೆ ಎಲ್ಲರಿಗೂ ನೆನಪಾಗೋದು ಅಪೊಸ್ತಲರ ಕೃತ್ಯಗಳು 9ರಲ್ಲಿ ದಮಸ್ಕದ ದಾರೀಲಿ ಸೌಲನಿಗೆ ಆಗಿದ್ದು, ಅವನೂ ಪ್ರಯಾಣದಲ್ಲೇ ಇದ್ದ. ಅಲಬಾಮಾದ ಹಳ್ಳಿ ಜನಕ್ಕೆ ಇವೆಲ್ಲ ಚಿಕ್ಕಂದಿನಿಂದ ಬಾಯಿಪಾಠ, ಹಾಗಾಗಿ ಹ್ಯಾಂಕ್ ಅರ್ಧ ಸಾಲು ಹೇಳಿದ್ರೂ ಉಳಿದ ಅರ್ಧ ಕೇಳೋರ ಮನಸ್ಸಲ್ಲೇ ಇರ್ತಿತ್ತು.

ಇನ್ನೊಂದು ವಿಷಯ, ಹಾಡಿನ ಕಟ್ಟೇ ಅಲ್ಲಿನ ಬ್ಯಾಪ್ಟಿಸ್ಟ್ ಚರ್ಚುಗಳಲ್ಲಿ ಜನ ಎದ್ದು ನಿಂತು ಸಾಕ್ಷಿ ಹೇಳೋ ರೀತೀದು. ಮೊದ್ಲು ನಾನು ಹೀಗಿದ್ದೆ, ಒಂದು ದಿನ ಹೀಗಾಯ್ತು, ಈಗ ಹೀಗಿದೀನಿ. ನಮ್ಮೂರುಗಳ ಚರ್ಚಿಗೆ ಹೋಗೋರಿಗೆ ಇದು ಹೊಸದೇನಲ್ಲ.

ಟ್ಯೂನ್ ಕದ್ದಿದ್ದು ಅಂತ ಓದಿದೆ?

ಆಲ್ಬರ್ಟ್ ಬ್ರಮ್ಲಿ ಅಂತ ದೊಡ್ಡ ಗಾಸ್ಪೆಲ್ (ಕ್ರೈಸ್ತ ಭಕ್ತಿ ಹಾಡು) ರಚನೆಕಾರರು 1939ರಲ್ಲಿ ‘ಹೀ ಸೆಟ್ ಮಿ ಫ್ರೀ’ ಅಂತ ಒಂದು ಹಾಡು ಮಾಡಿದ್ರು. ಎರಡೂ ಒಂದಾದ್ಮೇಲೆ ಒಂದು ಕೇಳಿದ್ರೆ ಹೋಲಿಕೆ ತಕ್ಷಣ ಗೊತ್ತಾಗುತ್ತೆ, ಅದನ್ನ ಮುಚ್ಚಿಡೋ ಅಗತ್ಯ ಇಲ್ಲ. ಆದ್ರೆ ಕಳ್ಳತನ ಅನ್ನೋದನ್ನ ನಾನು ಒಪ್ಪಲ್ಲ. ಆ ಕಾಲದಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ, ಅಂದ್ರೆ ಅಲಬಾಮಾ ಟೆನೆಸಿ ಕಡೆ, ಭಕ್ತಿ ಹಾಡಿನ ಮಟ್ಟು ಊರೆಲ್ಲರ ಸ್ವತ್ತಾಗಿತ್ತು, ಪುಸ್ತಕ ರೇಡಿಯೋ ಹಾಡಿನ ಶಾಲೆ ಹೀಗೆ ಬಾಯಿಂದ ಬಾಯಿಗೆ ಓಡಾಡ್ತಿತ್ತು, ಒಬ್ಬರ ಮಟ್ಟಿಗೆ ಇನ್ನೊಬ್ಬರು ಮಾತು ಕೂರಿಸ್ತಿದ್ರು. ಬ್ರಮ್ಲಿ ಅವರದ್ದು ಒಳ್ಳೇ ಹಾಡು. ಹ್ಯಾಂಕ್ ಅದ್ರೊಳಗೆ ಮಾಡಿದ್ದು ಏನಂದ್ರೆ ಎಲ್ಲಾ ಸಡಿಲ ಮಾತುಗಳನ್ನ ತೆಗೆದು ಹಾಕಿ, ಒಂದು ಸಲ ಕೇಳಿದ್ರೆ ಮಗು ಕೂಡ ಹಾಡೋ ಹಾಗೆ ಪಲ್ಲವೀನ ನಿಲ್ಲಿಸಿದ್ದು. ಅವನ ಪ್ರತಿಭೆ ಯಾವತ್ತೂ ಅದೇ, ಕಡಿಮೆ ಮಾತು, ಎಲ್ಲಾ ದಿನಾ ಆಡೋ ಮಾತು.

ರೆಕಾರ್ಡ್ ಆಗಿದ್ದು ಯಾವಾಗ? ದೊಡ್ಡ ಹಿಟ್ ಆಯ್ತಾ?

ರೆಕಾರ್ಡ್ ಆಗಿದ್ದು 1947ರ ಏಪ್ರಿಲ್ 21, ನ್ಯಾಶ್‌ವಿಲ್‌ನಲ್ಲಿ. ಎಂಜಿಎಂ ಕಂಪನಿಗೆ ಅವನ ಮೊದಲ ಸೆಶನ್ ಅದು, ಪ್ರೊಡ್ಯೂಸರ್ ಫ್ರೆಡ್ ರೋಸ್, ಹಿಂದೆ ನುಡಿಸಿದ್ದು ಆಗಿನ ದೊಡ್ಡ ಗಾಯಕ ರೆಡ್ ಫೋಲಿಯ ಬ್ಯಾಂಡಿನೋರು. ಅದೇ ದಿನ ‘ಮೂವ್ ಇಟ್ ಆನ್ ಓವರ್’ ಕೂಡ ರೆಕಾರ್ಡ್ ಮಾಡಿದ್ರು, ಹೆಂಡತಿ ಬಾಗಿಲು ಹಾಕ್ಕೊಂಡ್ರೆ ಗಂಡ ನಾಯಿ ಮನೇಲಿ ಮಲಗೋ ತಮಾಷೆ ಹಾಡು, ಅದನ್ನ ತಕ್ಷಣ ಬಿಟ್ರು, ಅದೇ ಅವನ ಮೊದಲ ಹಿಟ್ ಆಯ್ತು. ‘ಐ ಸಾ ದಿ ಲೈಟ್’ ಮಾತ್ರ ವರ್ಷಕ್ಕಿಂತ ಜಾಸ್ತಿ ಕಾದು 1948ರ ಸೆಪ್ಟೆಂಬರಲ್ಲಿ ಬಂತು. ಅಷ್ಟೊತ್ತಿಗೆ ರಾಯ್ ಅಕಫ್ ಅನ್ನೋ ಇನ್ನೊಬ್ಬ ದೊಡ್ಡ ಕಂಟ್ರಿ ಗಾಯಕ ಅದನ್ನ ಹಾಡಿ ರೆಕಾರ್ಡ್ ಬಿಟ್ಟಾಗಿತ್ತು. ಅಕಫ್ ಮತ್ತೆ ಫ್ರೆಡ್ ರೋಸ್ ಸೇರಿ ಕಟ್ಟಿದ್ದ ಪಬ್ಲಿಷಿಂಗ್ ಕಂಪನೀಲೇ ಹ್ಯಾಂಕ್ ಹಾಡುಗಳು ಇದ್ದಿದ್ದು, ಹಾಗಾಗಿ ಅದು ಸಹಜ.

ಹ್ಯಾಂಕ್ ರೆಕಾರ್ಡ್ ಬಂದಾಗ ಹಿಟ್ ಆಗ್ಲಿಲ್ಲ. ಇವತ್ತು ಅವನ ಹಾಡುಗಳಲ್ಲಿ ಜನ ನಿಂತು ಒಟ್ಟಿಗೆ ಹಾಡೋದು ಯಾವ್ದು ಅಂದ್ರೆ ಇದೇ, ಆದ್ರೆ ಅವನು ಬದುಕಿದ್ದಾಗ ಚಾರ್ಟಲ್ಲಿ ಇದಕ್ಕೆ ಜಾಗ ಸಿಗಲಿಲ್ಲ. ಅದು ಬೆಳೆದಿದ್ದು ಸ್ಟೇಜ್ ಮೇಲೆ, ರೇಡಿಯೋದಲ್ಲಿ, ಚರ್ಚಲ್ಲಿ, ಜನರ ಬಾಯಲ್ಲಿ.

ಇದು ಗಾಸ್ಪೆಲ್ ಹಾಡಾ, ಕಂಟ್ರಿ ಹಾಡಾ?

ಎರಡೂ. ಆ ಕಡೆ ಈ ಎರಡರ ಮಧ್ಯೆ ಗೋಡೆ ಇರ್ಲಿಲ್ಲ. ಶನಿವಾರ ರಾತ್ರಿ ಬಾರಲ್ಲಿ ನುಡಿಸೋರೇ ಭಾನುವಾರ ಬೆಳಗ್ಗೆ ಚರ್ಚಲ್ಲಿ ಹಾಡೋರು, ಕೇಳೋರೂ ಅವರೇ. ರೇಡಿಯೋ ಕಾರ್ಯಕ್ರಮದಲ್ಲೂ ಪ್ರೇಮ ಹಾಡು ಕುಡುಕನ ಹಾಡು ಎಲ್ಲಾ ಆದ್ಮೇಲೆ ಕೊನೇಲಿ ಒಂದು ಭಕ್ತಿಗೀತೆ ಇರಲೇಬೇಕಿತ್ತು. 1951ರಲ್ಲಿ ‘ಮದರ್ಸ್ ಬೆಸ್ಟ್’ ಅನ್ನೋ ಹಿಟ್ಟಿನ ಕಂಪನಿಗೋಸ್ಕರ ಹ್ಯಾಂಕ್ ನ್ಯಾಶ್‌ವಿಲ್‌ನ ಡಬ್ಲ್ಯೂಎಸ್‌ಎಂ ರೇಡಿಯೋದಲ್ಲಿ ಬೆಳಬೆಳಗ್ಗೆ ಕಾಲುಗಂಟೆ ಕಾರ್ಯಕ್ರಮ ಕೊಡ್ತಿದ್ದ, ಅದ್ರಲ್ಲೂ ಭಕ್ತಿಗೀತೆ ತಪ್ತಿರ್ಲಿಲ್ಲ. ಅವನು ಊರಲ್ಲಿ ಇಲ್ಲದಾಗ ಹಾಕೋಕೆ ಅಂತ ಮುಂಚೇನೇ ಡಿಸ್ಕಲ್ಲಿ ರೆಕಾರ್ಡ್ ಮಾಡಿಟ್ಟಿದ್ರು. ಎಷ್ಟೋ ವರ್ಷ ಆದ್ಮೇಲೆ ಸ್ಟೇಶನ್‌ನೋರು ಆ ಡಿಸ್ಕುಗಳನ್ನ ಕಸಕ್ಕೆ ಹಾಕಿದಾಗ ಯಾರೋ ಎತ್ತಿಟ್ಕೊಂಡಿದ್ದಕ್ಕೆ ಇವತ್ತು ನಮಗೆ ಸಿಗ್ತಿದೆ, 2008ರಿಂದ ಒಂದೊಂದಾಗಿ ಹೊರಗೆ ಬಂತು. ಹ್ಯಾಂಕ್ ಮಾತಾಡೋದು ನಗೋದು ಕೆಮ್ಮೋದು ಎಲ್ಲಾ ಅದ್ರಲ್ಲಿದೆ, ದಯವಿಟ್ಟು ಕೇಳಿ.

ಅವನು ನಿಜವಾಗ್ಲೂ ಚರ್ಚಿಗೆ ಹೋಗ್ತಿದ್ನಾ? ಸಂಗೀತ ಕಲಿತಿದ್ದೆಲ್ಲಿ?

ಚಿಕ್ಕೋನಿದ್ದಾಗ ಹೋಗ್ತಿದ್ದ. ಮೌಂಟ್ ಆಲಿವ್ ಅನ್ನೋ ಹಳ್ಳೀಲಿ ಹುಟ್ಟಿದ್ದು, ಅಲ್ಲಿನ ಬ್ಯಾಪ್ಟಿಸ್ಟ್ ಚರ್ಚಲ್ಲಿ ತಾಯಿ ಆರ್ಗನ್ ನುಡಿಸ್ತಿದ್ರು, ಇವನು ಪುಟ್ಟ ಮಗು ಪಕ್ಕದಲ್ಲೇ ಬೆಂಚ್ ಮೇಲೆ ಕೂತು ಜೋರಾಗಿ ಹಾಡ್ತಿದ್ದ. ಜನ್ಮದಿಂದಲೇ ಬೆನ್ನುಮೂಳೆ ದೋಷ ಇತ್ತು, ಆಟ ಓಟ ಆಗ್ತಿರ್ಲಿಲ್ಲ, ಮೈಮುರಿಯೋ ಕೆಲಸಾನೂ ಆಗ್ತಿರ್ಲಿಲ್ಲ, ಹಾಡೇ ಅವನಿಗೆ ಉಳಿದಿದ್ದ ದಾರಿ.

ಗಿಟಾರ್ ಕಲಿಸಿದ್ದು ರೂಫಸ್ ಪೇನ್ ಅಂತ ಒಬ್ಬರು ಕಪ್ಪು ಜನಾಂಗದ ಬೀದಿ ಸಂಗೀತಗಾರರು, ಊರೋರು ಟೀ ಟಾಟ್ ಅಂತ ಕರೀತಿದ್ರು. ಬಿಳಿಯರೂ ಕಪ್ಪುಜನರೂ ಒಂದೇ ಕಡೆ ಕೂರೋ ಹಾಗೇ ಇಲ್ಲದ ಕಾಲದಲ್ಲಿ ಒಬ್ಬ ಬಡ ಬಿಳಿ ಹುಡುಗ ಬೀದೀಲಿ ಅವರ ಹಿಂದೆ ಹಿಂದೆ ಓಡಾಡಿ ಕಲಿತ. ನಂಗೆ ಬಂದ ಸಂಗೀತ ಪಾಠ ಎಲ್ಲಾ ಅವರದ್ದೇ ಅಂತ ಹ್ಯಾಂಕ್ ಆಮೇಲೆ ಹೇಳಿದ್ದಾನೆ. ಪೇನ್ 1939ರಲ್ಲಿ ಮಾಂಟ್‌ಗಮರೀಲಿ ಬಡತನದಲ್ಲೇ ತೀರ್ಕೊಂಡ್ರು, ಶಿಷ್ಯನ ಹೆಸರು ದೊಡ್ಡದಾಗೋದನ್ನ ನೋಡಲೇ ಇಲ್ಲ. ಹ್ಯಾಂಕ್ ಹಾಡಲ್ಲಿ ಬರೋ ಆ ಬ್ಲೂಸ್ ಎಳೆತ, ತಾಳಕ್ಕೆ ಒಂಚೂರು ಹಿಂದೆ ಬಿದ್ದು ಆಮೇಲೆ ಹಿಡ್ಕೊಳ್ಳೋ ರೀತಿ, ಅದೆಲ್ಲ ಚರ್ಚ್ ಬೆಂಚಿಂದ ಬಂದಿದ್ದಲ್ಲ. ಈ ಹಾಡಿನ ಬಗ್ಗೆ ಮಾತಾಡೋರು ಪೇನ್ ಅವರ ಹೆಸರು ಹೇಳದೆ ಇದ್ರೆ ನಂಗೆ ಬೇಜಾರಾಗುತ್ತೆ.

ಕುಡಿದು ಕುಡಿದು ಸತ್ತೋನು ‘ಬೆಳಕು ಕಂಡೆ’ ಅಂತ ಹಾಡೋದು ಬೂಟಾಟಿಕೆ ಅಲ್ವಾ?

ಅತಿ ಹೆಚ್ಚು ಬರೋ ಪ್ರಶ್ನೆ ಇದು, ಕೆಲವರು ಸಿಟ್ಟಲ್ಲೇ ಕೇಳ್ತಾರೆ. ಅಲ್ಲ ಅನ್ನೋದು ನನ್ನ ಉತ್ತರ.

ಮೊದ್ಲು ಅವನ ಪರಿಸ್ಥಿತಿ ತಿಳ್ಕೊಳ್ಳಿ. ಬೆನ್ನುನೋವು ಜೀವಮಾನ ಪೂರ್ತಿ ಬಿಡಲಿಲ್ಲ, 1951ರ ಡಿಸೆಂಬರಲ್ಲಿ ಆಪರೇಶನ್ ಆಯ್ತು, ಅದಾದ್ಮೇಲೂ ಸರಿಹೋಗ್ಲಿಲ್ಲ, ನೋವಿಗೆ ಮಾರ್ಫೀನ್, ನಿದ್ದೆಗೆ ಬೇರೆ ಔಷಧಿ, ಅದ್ರ ಮೇಲೆ ಕುಡಿತ. 1952ರಲ್ಲಿ ಮೊದಲ ಹೆಂಡತಿ ಆಡ್ರಿ ಜೊತೆ ಡೈವೋರ್ಸ್ ಆಯ್ತು, ಅದೇ ವರ್ಷ ಆಗಸ್ಟಲ್ಲಿ ಗ್ರ್ಯಾಂಡ್ ಓಲ್ ಆಪ್ರಿ ಅನ್ನೋ ನ್ಯಾಶ್‌ವಿಲ್‌ನ ರೇಡಿಯೋ ಶೋನೋರು ಕಾರ್ಯಕ್ರಮಕ್ಕೆ ಸರಿಯಾಗಿ ಬರಲ್ಲ ಕುಡೀತಾನೆ ಅಂತ ತೆಗೆದು ಹಾಕಿದ್ರು. ಕಂಟ್ರಿ ಹಾಡುಗಾರನಿಗೆ ಅದಕ್ಕಿಂತ ದೊಡ್ಡ ವೇದಿಕೆ ಇರ್ಲಿಲ್ಲ.

ಈಗ ಹಾಡಿಗೆ ಬನ್ನಿ. ಇದನ್ನ ಬರೆಯೋ ಹೊತ್ತಿಗೇ ಅವನಿಗೆ ಕುಡಿತ ಅಂಟಿತ್ತು, ಅಂದ್ರೆ ಒಳ್ಳೇ ಹುಡುಗ ಬರೆದು ಆಮೇಲೆ ಕೆಟ್ಟ ಅಂತಲ್ಲ. ಅವನು ಬೆಳೆದ ಚರ್ಚಿನ ಜನಕ್ಕೆ ಬೀಳೋದು ಏಳೋದು ಮತ್ತೆ ಬೀಳೋದು ಗೊತ್ತಿಲ್ಲದ ವಿಷಯ ಆಗಿರ್ಲಿಲ್ಲ, ಒಂದು ಭಾನುವಾರ ಅಳ್ತಾ ಮುಂದೆ ಬಂದು ಮಂಡಿ ಊರಿದೋನು ಮುಂದಿನ ತಿಂಗಳು ಮತ್ತೆ ಬಾರಲ್ಲಿ ಇರ್ತಿದ್ದ, ಆಮೇಲೆ ಮತ್ತೆ ಬರ್ತಿದ್ದ, ಅವನಿಗೆ ಬಾಗಿಲು ಹಾಕ್ತಿರ್ಲಿಲ್ಲ. ಬೆಳಕು ಒಂದ್ಸಲ ಕಂಡ್ರೆ ಜೀವನ ಪೂರ್ತಿ ನೆಟ್ಟಗಾಗಿಬಿಡುತ್ತೆ ಅಂತ ಈ ಹಾಡು ಎಲ್ಲೂ ಹೇಳಲ್ಲ. ಕಂಡೆ ಅಂತ ಮಾತ್ರ ಹೇಳುತ್ತೆ, ಅಷ್ಟು ನಿಜ ಅವನಿಗೆ, ಕಂಡಿದ್ದು ಸುಳ್ಳಲ್ಲ, ಉಳಿಸ್ಕೊಳ್ಳೋಕೆ ಆಗ್ಲಿಲ್ಲ.

ಅವನು ಇದನ್ನ ತನ್ನ ಶೋಗಳ ಕೊನೇಲಿ ಹಾಡ್ತಿದ್ದ. ಬಾರ್ ಜಗಳದ ಹಾಡು, ಮೋಸ ಹೋದ ಪ್ರೇಮದ ಹಾಡು, ಒಂಟಿತನದ ಹಾಡು ಎಲ್ಲಾ ಮುಗಿಸಿ ಜನರನ್ನ ಮನೆಗೆ ಕಳಿಸೋ ಮುಂಚೆ ಇದು. ಕೂತಿರೋರಲ್ಲೂ ಎಷ್ಟೋ ಜನ ಅವನ ತರದೋರೇ, ಹತ್ತಿ ಗಿರಣಿ ಕೆಲಸದೋರು, ಲಾರಿ ಡ್ರೈವರುಗಳು, ಸಾಲಗಾರರು, ಹೆಂಡತಿ ಬಿಟ್ಟು ಹೋದೋರು. ಅವರಿಗೆ ಪೂರ್ತಿ ಶುದ್ಧ ಆದ ಮನುಷ್ಯ ಬಂದು ನಾನು ಬೆಳಕು ಕಂಡೆ ಅಂದಿದ್ರೆ ಅದು ಪ್ರವಚನ ಆಗ್ತಿತ್ತು, ಕೇಳಿ ಎದ್ದು ಹೋಗ್ತಿದ್ರು. ತಮ್ಮ ಹಾಗೇ ಬಿದ್ದೋನೊಬ್ಬ ಹಾಡಿದ್ದಕ್ಕೆ ಅವರೂ ಬಾಯಿ ಸೇರಿಸಿದ್ರು.

‘ಬೆಳಕೇ ಇಲ್ಲ’ ಅಂತ ಅವನೇ ಹೇಳಿದ್ನಂತೆ?

ಈ ಮಾತನ್ನ ನೆನಪಿಸ್ಕೊಂಡು ಹೇಳಿದ್ದು ಮಿನ್ನಿ ಪರ್ಲ್, ಆಪ್ರಿಯ ಹೆಸರಾಂತ ಹಾಸ್ಯ ಕಲಾವಿದೆ. 1952ರಲ್ಲಿ ಸ್ಯಾನ್ ಡಿಯಾಗೋ ಊರಲ್ಲಿ ಕಾರ್ಯಕ್ರಮ ಇತ್ತು, ಹ್ಯಾಂಕ್ ನಿಲ್ಲೋ ಸ್ಥಿತೀಲಿ ಇರ್ಲಿಲ್ಲ, ಎರಡು ಶೋಗಳ ಮಧ್ಯೆ ಅವನು ಮತ್ತೆ ಕುಡೀದೆ ಇರ್ಲಿ ಅಂತ ಆಕೆ ಮತ್ತೆ ಇನ್ನೂ ಕೆಲವರು ಕಾರಲ್ಲಿ ಕೂರಿಸ್ಕೊಂಡು ಊರು ಸುತ್ತಿಸಿದ್ರು. ಸುಮ್ನೆ ಹೊತ್ತು ಹೋಗ್ಲಿ ಅಂತ ಎಲ್ಲಾ ಸೇರಿ ಈ ಹಾಡು ಶುರು ಮಾಡಿದ್ರೆ, ಅವನು ಸ್ವಲ್ಪ ಹಾಡಿ ನಿಲ್ಲಿಸಿ, ಬೆಳಕು ಅನ್ನೋದೇ ಇಲ್ಲ ಮಿನ್ನಿ ಅಂತ ಅರ್ಥ ಬರೋ ಹಾಗೆ ಹೇಳ್ದ.

ಇದನ್ನ ಹಿಡ್ಕೊಂಡು ಅವನಿಗೆ ನಂಬಿಕೆನೇ ಇರ್ಲಿಲ್ಲ ಅನ್ನೋರಿದ್ದಾರೆ. ನೋವಲ್ಲಿ ಮುಳುಗಿ ಹೋದೋನ ಒಂದು ಸಂಜೆಯ ಮಾತನ್ನ ಇಡೀ ಬದುಕಿನ ತೀರ್ಪು ಮಾಡೋದು ನ್ಯಾಯ ಅಲ್ಲ. ಆ ಕಾರಲ್ಲಿ ಕೂತಿದ್ದ ಹೊತ್ತಿಗೆ ಅವನಿಗೆ ಕಾಣಿಸ್ಲಿಲ್ಲ, ನಿಜ. ದಾವೀದನ ಕೀರ್ತನೆಗಳಲ್ಲೇ ದೇವರೇ ಎಲ್ಲಿದ್ದೀಯ, ಯಾಕೆ ಮುಖ ಮರೆಸಿಕೊಂಡೆ ಅಂತ ಕೂಗೋ ಹಾಡುಗಳು ಎಷ್ಟಿಲ್ಲ, ಅವನ್ನ ಬರೆದೋರನ್ನ ನಾಸ್ತಿಕರು ಅಂತ ಯಾರೂ ಅನ್ನಲ್ಲ. ನಂಗೆ ಈ ಘಟನೆ ಕೇಳಿದಾಗೆಲ್ಲ ಹೊಟ್ಟೆ ಹಿಂಡುತ್ತೆ, ಹಾಡಿನ ಮೇಲಿನ ಗೌರವ ಮಾತ್ರ ಕಮ್ಮಿ ಆಗಲ್ಲ.

ಅವನು ಸತ್ತ ದಿನ ಈ ಹಾಡು ಹಾಡಿದ್ರಂತೆ, ಅದೇನು?

1953ರ ಹೊಸ ವರ್ಷದ ದಿನ ಒಹಾಯೋ ರಾಜ್ಯದ ಕ್ಯಾಂಟನ್ ಊರಲ್ಲಿ ಮಧ್ಯಾಹ್ನ ಅವನ ಶೋ ಇತ್ತು. ಹಿಂದಿನ ದಿನ ವೆಸ್ಟ್ ವರ್ಜೀನಿಯಾದ ಚಾರ್ಲ್ಸ್‌ಟನ್‌ನಲ್ಲಿ ಇದ್ದ ಶೋ ಹವಾಮಾನ ಕೆಟ್ಟು ನಿಂತು ಹೋಯ್ತು, ವಿಮಾನಾನೂ ಆಗ್ಲಿಲ್ಲ, ಹಾಗಾಗಿ ಒಬ್ಬ ಕಾಲೇಜ್ ಹುಡುಗ ಡ್ರೈವ್ ಮಾಡ್ತಿದ್ದ ಕ್ಯಾಡಿಲಾಕ್ ಕಾರಲ್ಲಿ ರಾತ್ರಿ ಪೂರ್ತಿ ಪ್ರಯಾಣ, ಹ್ಯಾಂಕ್ ಹಿಂದಿನ ಸೀಟಲ್ಲಿ ಕಂಬಳಿ ಹೊದ್ದು ಮಲಗಿದ್ದ. ವೆಸ್ಟ್ ವರ್ಜೀನಿಯಾದ ಓಕ್ ಹಿಲ್ ಹತ್ರ ಆ ಹುಡುಗ ಮುಟ್ಟಿ ನೋಡಿದಾಗ ಮೈ ತಣ್ಣಗಾಗಿತ್ತು. ಹೃದಯ ನಿಂತಿದ್ದು ಅಂತ ದಾಖಲೆ ಆಯ್ತು. ವಯಸ್ಸು 29.

ಕ್ಯಾಂಟನ್‌ನಲ್ಲಿ ಹಾಲ್ ತುಂಬಿತ್ತು, ಟಿಕೆಟ್ ತಗೊಂಡು ಸಾವಿರಾರು ಜನ ಕಾಯ್ತಿದ್ರು. ನಿರೂಪಕ ಬಂದು ಹ್ಯಾಂಕ್ ವಿಲಿಯಮ್ಸ್ ತೀರ್ಕೊಂಡಿದ್ದಾರೆ ಅಂದಾಗ ಮೊದ್ಲು ಕೆಲವರು ನಕ್ಕರು, ಅವನು ಶೋಗೆ ಬರದೇ ಇರೋದು ಹೊಸದಲ್ಲ, ಇದೂ ಒಂದು ನೆಪ ಅಂದ್ಕೊಂಡ್ರು. ಆಮೇಲೆ ಹಾಕ್‌ಶಾ ಹಾಕಿನ್ಸ್ ಮತ್ತೆ ಉಳಿದ ಕಲಾವಿದರು ಸೇರಿ ‘ಐ ಸಾ ದಿ ಲೈಟ್’ ಶುರು ಮಾಡಿದ್ರು. ನಿಜ ಅಂತ ಆಗ ಗೊತ್ತಾಗಿ ಇಡೀ ಹಾಲ್ ಜೊತೆಗೆ ಹಾಡ್ತು. ಶೋ ರದ್ದು ಮಾಡ್ಲಿಲ್ಲ, ಅವನಿಲ್ಲದೆ ಮುಂದುವರೀತು.

ಅವತ್ತು ಅವರು ಬೇರೆ ಯಾವ ಹಾಡು ಬೇಕಾದ್ರೂ ಹಾಡಬಹುದಿತ್ತು, ಇವನ ಹತ್ತಾರು ದೊಡ್ಡ ಹಿಟ್ ಇತ್ತು, ಚಾರ್ಟಿಗೆ ಬರದೇ ಇರೋ ಹಾಡನ್ನ ಆರಿಸ್ಕೊಂಡ್ರು. ಯಾರೂ ಮೊದ್ಲೇ ಕೂತು ಯೋಚಿಸಿದ್ದಲ್ಲ, ಬಾಯಿಗೆ ಬಂದಿದ್ದು ಅದು. ಬೂಟಾಟಿಕೆ ಅಲ್ವಾ ಅಂತ ಕೇಳೋರಿಗೆ ನಾನು ಕ್ಯಾಂಟನ್ ಬಗ್ಗೆ ಓದಿ ಅಂತೀನಿ, ಅವನ ಎಲ್ಲಾ ತಪ್ಪು ಗೊತ್ತಿದ್ದ ಜನ, ಅವನಿಗೋಸ್ಕರ ಕಾದು ಬೇಸತ್ತಿದ್ದ ಜನ, ಅವನನ್ನ ಕಳಿಸಿಕೊಟ್ಟಿದ್ದು ಈ ಹಾಡಿಂದ.

ಅಂತ್ಯಕ್ರಿಯೆ?

ಜನವರಿ 4ರಂದು ಮಾಂಟ್‌ಗಮರಿ ಮುನಿಸಿಪಲ್ ಆಡಿಟೋರಿಯಂನಲ್ಲಿ. ಹಾಲ್ ತುಂಬಿ ಹೊರಗೆ ರಸ್ತೇಲೂ ಸಾವಿರಗಟ್ಟಲೆ ಜನ. ರಾಯ್ ಅಕಫ್ ಮುಂದೆ ನಿಂತು ಇದೇ ಹಾಡು ಹಾಡ್ಸಿದ್ರು, ಅರ್ನೆಸ್ಟ್ ಟಬ್, ರೆಡ್ ಫೋಲಿ ಕೂಡ ಹಾಡಿದ್ರು. ಐದು ತಿಂಗಳ ಹಿಂದೆ ಅವನನ್ನ ತೆಗೆದು ಹಾಕಿದ್ದ ಆಪ್ರಿಯ ಕಲಾವಿದರೇ ಎಷ್ಟೋ ಜನ ಅಲ್ಲಿದ್ರು. ಸಮಾಧಿ ಮಾಂಟ್‌ಗಮರಿಯ ಓಕ್‌ವುಡ್ ಸ್ಮಶಾನದಲ್ಲಿದೆ, ಕಲ್ಲಿನ ಮೇಲೆ ಈ ಹಾಡಿನ ಸಾಲು ಕೆತ್ತಿಸಿದಾರೆ, ಈಗಲೂ ಜನ ಹುಡ್ಕೊಂಡು ಹೋಗ್ತಾರೆ.

ನಾನು ಕ್ರಿಶ್ಚಿಯನ್ ಅಲ್ಲ. ನಂಗೆ ಈ ಹಾಡಿಂದ ಏನು?

ದಾಸರ ಪದ ಕೇಳಿ ಬೆಳೆದೋರು ಈ ಪ್ರಶ್ನೆ ಕೇಳಬಾರ್ದು ಅನ್ಸುತ್ತೆ. ನಾನು ಅಪರಾಧಿ, ದಾರಿ ತಪ್ಪಿದೀನಿ, ನೀನೇ ಕೈ ಹಿಡೀಬೇಕು ಅಂತ ದೇವರ ಮುಂದೆ ನೇರವಾಗಿ ಹೇಳ್ಕೊಳ್ಳೋದು ನಮಗೆ ಹೊಸದಾ? ದೇವರ ಹೆಸರು ಬೇರೆ, ಮನಸ್ಸಿನ ಸ್ಥಿತಿ ಗುರುತಿರೋದೇ. ಆದ್ರೆ ಒಂದು ಮಾತು, ಯೇಸುವಿನ ಹೆಸರನ್ನ ಪಕ್ಕಕ್ಕಿಟ್ಟು ಇದನ್ನ ಬರೀ ‘ಪಾಸಿಟಿವ್ ಥಿಂಕಿಂಗ್’ ಹಾಡು ಮಾಡ್ಕೋಬೇಡಿ, ಹ್ಯಾಂಕ್ ಯಾರನ್ನ ಕರೀತಿದ್ದಾನೆ ಅನ್ನೋದು ಹಾಡಲ್ಲಿ ಸ್ಪಷ್ಟವಾಗಿದೆ. ಅವನ ನಂಬಿಕೆ ನಿಮ್ಮದಾಗಬೇಕಿಲ್ಲ, ಅದು ಅವನದು ಅಂತ ಒಪ್ಕೊಂಡು ಕೇಳಿ.

ಯಾವ ವರ್ಷನ್ ಮೊದ್ಲು ಕೇಳ್ಬೇಕು?

1947ರಲ್ಲಿ ರೆಕಾರ್ಡ್ ಆದ ಮೂಲ. ಬೇರೆ ಮಾತೇ ಇಲ್ಲ. ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಪಿಟೀಲು, ಸ್ಟೀಲ್ ಗಿಟಾರ್ ಜೊತೆಗೆ ತಾಳ ಚುರುಕಾಗಿ ಓಡ್ತಿರುತ್ತೆ, ಪಶ್ಚಾತ್ತಾಪದ ಹಾಡು ಅಂತ ಎಳೆದು ಎಳೆದು ಅಳೋದಿಲ್ಲ, ಕುಣೀಬೇಕು ಅನ್ಸೋ ವೇಗ. ಅವನ ಗಂಟಲು ಮೇಲಕ್ಕೆ ಹೋಗುವಾಗ ಒಂಚೂರು ಒಡೆಯುತ್ತಲ್ಲ, ಆ ಜಾಗಗಳನ್ನ ಗಮನಿಸಿ, ಕಂಟ್ರಿ ಹಾಡುಗಾರರು ಎಪ್ಪತ್ತೈದು ವರ್ಷದಿಂದ ಅದನ್ನೇ ಕಲಿಯೋಕೆ ಒದ್ದಾಡ್ತಿದ್ದಾರೆ.

ಎರಡನೇದು 1972ರ ‘ವಿಲ್ ದಿ ಸರ್ಕಲ್ ಬಿ ಅನ್‌ಬ್ರೋಕನ್’ ಆಲ್ಬಮ್‌ನಲ್ಲಿರೋದು. ನಿಟ್ಟಿ ಗ್ರಿಟ್ಟಿ ಡರ್ಟ್ ಬ್ಯಾಂಡ್ ಅಂತ ಕ್ಯಾಲಿಫೋರ್ನಿಯಾದ ಉದ್ದ ಕೂದಲಿನ ಹುಡುಗರು ನ್ಯಾಶ್‌ವಿಲ್‌ಗೆ ಬಂದು ಹಳೇ ತಲೆಮಾರಿನೋರ ಜೊತೆ ಕೂತು ಮಾಡಿದ ಆಲ್ಬಮ್ ಅದು, ಅದ್ರಲ್ಲಿ ಈ ಹಾಡು ಹಾಡಿದ್ದು ಅದೇ ರಾಯ್ ಅಕಫ್. 1947ರಲ್ಲಿ ಹಾಡಿದ್ದೋರು, ಗೆಳೆಯನ ಅಂತ್ಯಕ್ರಿಯೇಲಿ ಹಾಡಿದ್ದೋರು, ಮತ್ತೆ ವಯಸ್ಸಾದ್ಮೇಲೆ ಮೊಮ್ಮಕ್ಕಳ ವಯಸ್ಸಿನೋರ ಜೊತೆ ಹಾಡ್ತಾರೆ. ಬ್ಲೂಗ್ರಾಸ್ ಇಷ್ಟ ಇದ್ರೆ ಬಿಲ್ ಮನ್ರೋ ಅವರದ್ದೂ ಕೇಳಿ.

ಗಿಟಾರಲ್ಲಿ ನುಡಿಸೋದು ಕಷ್ಟಾನಾ?

ಇಲ್ಲ. ಜಿ, ಸಿ, ಡಿ ಮೂರೇ ಕಾರ್ಡ್ ಸಾಕು. ಬಲಗೈ ಬೇಸ್ ತಂತಿ ಒಂದ್ಸಲ, ಆಮೇಲೆ ಕೆಳಗಿನ ತಂತಿಗಳ ಮೇಲೆ ಒಂದು ಹೊಡೆತ, ಹೀಗೆ ಬಿಡದೆ ಓಡಿಸ್ತಾ ಇರಿ, ಎರಡು ಎಣಿಕೆಯ ತಾಳ. ನಿಧಾನ ಮಾಡ್ಬೇಡಿ. ಹೊಸಬರು ಮಾಡೋ ತಪ್ಪು ಅಂದ್ರೆ ಭಕ್ತಿಗೀತೆ ಅಲ್ವಾ ಅಂತ ವೇಗ ಇಳಿಸೋದು, ಹಾಡು ಅಲ್ಲೇ ಕುಸಿಯುತ್ತೆ. ಇನ್ನೊಂದು, ಒಬ್ಬರೇ ಹಾಡೋದಕ್ಕಿಂತ ನಾಲ್ಕು ಜನ ಸೇರಿಸ್ಕೊಳ್ಳಿ, ಪಲ್ಲವಿಗೆ ಜೊತೆ ದನಿ ಬೇಕು.

ಸಿನಿಮಾ ಇದೆಯಂತಲ್ಲ?

ಇದೆ, 2015ರದ್ದು, ಹಾಡಿನ ಹೆಸರೇ ಸಿನಿಮಾಗೆ, ಟಾಮ್ ಹಿಡಲ್‌ಸ್ಟನ್ ಹ್ಯಾಂಕ್ ಪಾತ್ರ ಮಾಡಿ ಹಾಡುಗಳನ್ನೂ ತಾವೇ ಹಾಡಿದಾರೆ. ನಟನೆ ಚೆನ್ನಾಗಿದೆ. ಹಾಡು ಹೇಗೆ ಹುಟ್ತು ಅನ್ನೋದಕ್ಕೆ ಸಿನಿಮಾಗಿಂತ ರೆಕಾರ್ಡುಗಳೇ ವಾಸಿ.

ಇದು ಇಷ್ಟ ಆಯ್ತು, ಮುಂದೆ ಏನು ಕೇಳ್ಲಿ?

ಹ್ಯಾಂಕ್ ‘ಲೂಕ್ ದಿ ಡ್ರಿಫ್ಟರ್’ ಅಂತ ಬೇರೆ ಹೆಸರಲ್ಲಿ ಒಂದಷ್ಟು ರೆಕಾರ್ಡ್ ಮಾಡಿದಾನೆ, ಹಾಡೋದಕ್ಕಿಂತ ಮಾತಾಡೋದೇ ಜಾಸ್ತಿ, ಬಿದ್ದೋರನ್ನ ತೀರ್ಪು ಮಾಡ್ಬೇಡಿ ಅನ್ನೋ ತರದವು. ಬಾರುಗಳ ಜೂಕ್‌ಬಾಕ್ಸಿಗೆ ರೆಕಾರ್ಡ್ ತಗೊಳ್ಳೋರು ಹ್ಯಾಂಕ್ ಹೆಸರು ನೋಡಿ ಕುಣಿಯೋ ಹಾಡು ಅಂತ ತಗೊಂಡು ಮೋಸ ಹೋಗ್ಬಾರ್ದು ಅಂತ ಹೆಸರು ಬದಲಾಯಿಸಿದ್ದು. ನಿಧಾನಕ್ಕೆ ಕೇಳಿ, ಒಂದೇ ಸಲಕ್ಕೆ ಎಲ್ಲಾ ಬೇಡ.

ಆಮೇಲೆ ಕ್ರಿಸ್ ಕ್ರಿಸ್ಟಾಫರ್ಸನ್ ಅವರ ‘ವೈ ಮಿ’. ಆಕ್ಸ್‌ಫರ್ಡಲ್ಲಿ ಓದಿ, ಸೈನ್ಯದಲ್ಲಿ ಹೆಲಿಕಾಪ್ಟರ್ ಓಡಿಸಿ, ಎಲ್ಲಾ ಬಿಟ್ಟು ನ್ಯಾಶ್‌ವಿಲ್‌ಗೆ ಬಂದು ಸ್ಟುಡಿಯೋ ಕಸ ಗುಡಿಸಿದ ಮನುಷ್ಯ. ಗಾಯಕಿ ಕಾನಿ ಸ್ಮಿತ್ ಕರ್ಕೊಂಡು ಹೋದ ಒಂದು ಚರ್ಚ್ ಪ್ರಾರ್ಥನೇಲಿ, ಲ್ಯಾರಿ ಗ್ಯಾಟ್ಲಿನ್ ಹಾಡಿದ್ದು ಕೇಳಿ ತಡ್ಕೊಳ್ಳೋಕಾಗದೆ ಎದ್ದು ಮುಂದೆ ಹೋಗಿ ಎಲ್ಲರೆದುರು ಅತ್ತರು, ಅದಾದ್ಮೇಲೆ ಬರೆದ ಹಾಡು ಇದು, 1973ರಲ್ಲಿ ಕಂಟ್ರಿ ಚಾರ್ಟಲ್ಲಿ ಒಂದನೇ ಸ್ಥಾನಕ್ಕೆ ಹೋಯ್ತು. ಹ್ಯಾಂಕ್ ಹಾಡಲ್ಲಿ ಖುಷಿ ಓಡುತ್ತೆ, ಇದ್ರಲ್ಲಿ ನಾಚಿಕೆ ಮೆಲ್ಲಗೆ ನಡೆಯುತ್ತೆ, ನಂಗಿಷ್ಟೆಲ್ಲಾ ಕೊಟ್ಟೆಯಲ್ಲ ನಾನೇನು ಮಾಡಿದ್ದೆ ಅಂತ. ಎರಡನ್ನೂ ಒಂದೇ ದಿನ ಕೇಳೋದಾದ್ರೆ ಕ್ರಿಸ್ಟಾಫರ್ಸನ್ ಮೊದ್ಲು ಹಾಕಿ, ಹ್ಯಾಂಕ್ ಆಮೇಲೆ.